ಕೋಟೆಯಾಗಬಯಸಿದ ಮನೆ

ದೆಹಲಿಯ ರಾಷ್ಟ್ರಪತಿ ಭವನದ ಚಿತ್ರವನ್ನು ನೋಡದವರು ನಮ್ಮಲ್ಲಿ ವಿರಳ. ಗಣರಾಜ್ಯೋತ್ಸವದ ವರ್ಣನೆಯನ್ನು ರೇಡಿಯೋದಲ್ಲಿ ಕೇಳುವಾಗ ಆ ದೊಡ್ಡ ಗುಮ್ಮಟವೂ ಕಂಬಗಳ ಸಾಲೂ ತಾವಾಗಿಯೇ ಕಣ್ಣ ಮುಂದೆ ನಿಲ್ಲುತ್ತವೆ. ಅದನ್ನು ರಚಿಸಿದ ವಾಸ್ತುಶಿಲ್ಪಿ ಸರ್ ಎಡ್ವಿನ್ ಲುಟಿಯೆನ್ಸ್ ಎಂಬುದೂ ನಿಮ್ಮಲ್ಲಿ ಹಲವರಿಗೆ ಗೊತ್ತು. ಆದರೆ ಅದೇ ವರ್ಷಗಳಲ್ಲಿ ಅದೇ ಕೈ ಇಂಗ್ಲೆಂಡಿನ ಒಂದು ಮೂಲೆಯಲ್ಲಿ, ಗಾಳಿ ಬೀಸುವ ಗುಡ್ಡದ ನೆತ್ತಿಯ ಮೇಲೆ, ಒಬ್ಬ ಚಹಾ ವ್ಯಾಪಾರಿಗಾಗಿ ಇನ್ನೊಂದು ಕಟ್ಟಡವನ್ನು ರಚಿಸುತ್ತಿತ್ತು ಎಂಬುದು ಅಷ್ಟಾಗಿ ತಿಳಿದ ಸಂಗತಿಯಲ್ಲ. ಆ ಕಟ್ಟಡದ ಹೆಸರು ಕ್ಯಾಸಲ್ ಡ್ರೋಗೋ. ಅದನ್ನು ಇಂಗ್ಲೆಂಡಿನಲ್ಲಿ ಕಟ್ಟಿದ ಕೊನೆಯ ಕೋಟೆ ಎಂದು ಕರೆಯುವ ವಾಡಿಕೆಯಿದೆ. ನಿಜವಾಗಿ ಅದು ಕೋಟೆಯಲ್ಲ, ಮನೆ. ಇಪ್ಪತ್ತು ವರ್ಷ ಹಿಡಿದ ಮನೆ. ಯಾರಿಗಾಗಿ ಕಟ್ಟಿದರೋ ಅವನು ಬಾಳದೆ ಹೋದ ಮನೆ. ಗ್ರಾನೈಟ್ ಕಲ್ಲಿನದಾದರೂ ಮೊದಲಿನಿಂದಲೇ ಸೋರಿದ ಮನೆ. ಅದರ ಕಥೆಯನ್ನು ಇಲ್ಲಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಮೊದಲು ಮನೆಯ ಯಜಮಾನನ ಪರಿಚಯವಾಗಲಿ. ಜೂಲಿಯಸ್ ಡ್ರೂ ಹುಟ್ಟಿದ್ದು 1856ರಲ್ಲಿ. ಎಳೆಯ ವಯಸ್ಸಿನಲ್ಲಿಯೇ ಚಹಾ ವ್ಯಾಪಾರಕ್ಕೆ ಸೇರಿ, ಸರಕು ಕೊಳ್ಳುವುದಕ್ಕಾಗಿ ಚೀನಾ ದೇಶಕ್ಕೂ ಹೋಗಿಬಂದ. 1878ರಲ್ಲಿ, ಇಪ್ಪತ್ತೆರಡರ ಪ್ರಾಯದಲ್ಲಿ, ಲಿವರ್‌ಪೂಲಿನಲ್ಲಿ ಸ್ವಂತ ಚಹಾ ಅಂಗಡಿಯೊಂದನ್ನು ತೆರೆದ. ನಡುವಿನ ದಲ್ಲಾಳಿಗಳನ್ನು ಬಿಟ್ಟು ಸರಕನ್ನು ನೇರವಾಗಿ ತರಿಸಿ, ಅದೇ ಬೆಲೆಗೆ ಅದೇ ರುಚಿ ಎಲ್ಲ ಊರಿನಲ್ಲಿಯೂ ಸಿಗುವಂತೆ ಮಾಡುವುದು ಆ ಕಾಲಕ್ಕೆ ಹೊಸ ವಿದ್ಯೆ. ಜಾನ್ ಮಸ್ಕರ್ ಎಂಬ ಪಾಲುದಾರನೊಡನೆ ಡ್ರೂ ಬೆಳೆಸಿದ ‘ಹೋಮ್ ಅಂಡ್ ಕಲೋನಿಯಲ್ ಸ್ಟೋರ್ಸ್’ ಮುಂದೆ ಬ್ರಿಟನ್ನಿನ ತುಂಬ ನೂರಾರು ಅಂಗಡಿಗಳಾಗಿ ಹರಡಿತು. ಹೆಸರಿನಲ್ಲಿಯೇ ವಸಾಹತುಗಳಿದ್ದುವು, ಚಹಾ, ಸಕ್ಕರೆ, ಕಾಫಿಗಳ ಮೂಲಕ ಸಾಮ್ರಾಜ್ಯವು ಇಂಗ್ಲೆಂಡಿನ ಸಾಮಾನ್ಯ ಗೃಹಿಣಿಯ ಅಡಿಗೆಮನೆಯ ಕಪಾಟಿಗೆ ಬಂದು ಕುಳಿತಿತ್ತು. 1889ರಲ್ಲಿ, ಕೇವಲ 33ರ ವಯಸ್ಸಿಗೆ, ಡ್ರೂ ದಿನದ ವ್ಯವಹಾರದಿಂದ ನಿವೃತ್ತನಾದ. ಜನ್ಮವಿಡೀ ಕೂತು ಉಣ್ಣುವಷ್ಟು ಹಣ ಸೇರಿತ್ತು.

ಹಣ ಬಂದ ಮೇಲೆ ಮನೆತನ ಬೇಕು. ಇದು ಇಂಗ್ಲೆಂಡಿಗೆ ಮಾತ್ರ ಸೇರಿದ ಆಸೆಯಲ್ಲ. ಡ್ರೂ ಮೊದಲು ಸಸೆಕ್ಸ್ ಪ್ರಾಂತದಲ್ಲಿ ಒಂದು ದೊಡ್ಡ ಬಂಗಲೆಯನ್ನು ಅದರ ಪೀಠೋಪಕರಣಗಳ ಸಮೇತ ಕೊಂಡ. ಸ್ಪೇನ್ ಮೂಲದ ಸಾಹುಕಾರ ಮನೆತನವೊಂದು ದಿವಾಳಿಯಾಗಿ ಬಿಟ್ಟುಹೋದ ಮನೆ ಅದು. ಆದರೆ ಕೊಂಡ ಮನೆಯಲ್ಲಿ ಹಿರಿಯರ ನೆರಳು ಇರುವುದಿಲ್ಲವಷ್ಟೆ. ಡೆವನ್ ಪ್ರಾಂತದಲ್ಲಿ ಡ್ರೂಸ್‌ಟೀನ್‌ಟನ್ ಎಂಬ ಹಳ್ಳಿಯಿದೆ. ಹನ್ನೆರಡನೆಯ ಶತಮಾನದಲ್ಲಿ ಡ್ರೋಗೋ ಎಂಬ ನಾರ್ಮನ್ ಜಹಗೀರುದಾರ ಅಲ್ಲಿ ಒಡೆಯನಾಗಿದ್ದನೆಂದೂ, ಹಳ್ಳಿಗೆ ಆ ಹೆಸರು ಅವನಿಂದಲೇ ಬಂದಿತೆಂದೂ ಪ್ರತೀತಿ. ತಾನು ಆ ಡ್ರೋಗೋವಿನ ವಂಶದವನೇ ಎಂದು ಡ್ರೂ ನಂಬಿದ. ಈ ನಂಟಿಗೆ ಗಟ್ಟಿಯಾದ ಆಧಾರವೇನೂ ಇರಲಿಲ್ಲ. ಆದರೂ ಆತ ಹೆಸರಿನ ಕೊನೆಗೆ ಒಂದು ಅಕ್ಷರವನ್ನು ಸೇರಿಸಿ ಅದಕ್ಕೆ ಹಳಮೆಯ ಕಳೆ ಕೊಟ್ಟುಕೊಂಡ. 1910ರಲ್ಲಿ ಆ ಹಳ್ಳಿಯ ಬಳಿ ಸುಮಾರು 450 ಎಕರೆ ನೆಲವನ್ನು ಕೊಂಡ. ಪೂರ್ವಜನ ನೆಲದ ಮೇಲೆ ಪೂರ್ವಜನಿಗೆ ತಕ್ಕ ಕೋಟೆಯನ್ನು ಕಟ್ಟಿ, ಅದನ್ನು ಹಿರಿಯ ಮಗ ಏಡ್ರಿಯನ್‌ಗೂ ಅವನ ಮಕ್ಕಳು ಮೊಮ್ಮಕ್ಕಳಿಗೂ ಬಿಟ್ಟುಹೋಗಬೇಕೆಂಬುದು ಆತನ ಸಂಕಲ್ಪ. ಮನೆಗೆಂದು 50,000 ಪೌಂಡುಗಳನ್ನೂ ತೋಟಕ್ಕೆಂದು 10,000 ಪೌಂಡುಗಳನ್ನೂ ತೆಗೆದಿರಿಸಿದ. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ನಮ್ಮ ಗಾದೆ ಆತನಿಗೆ ಗೊತ್ತಿರಲಿಲ್ಲ.

ವಾಸ್ತುಶಿಲ್ಪಿಯಾಗಿ ದೊರೆತವನು ಲುಟಿಯೆನ್ಸ್. 1869ರಲ್ಲಿ ಹುಟ್ಟಿದ ಈತ ಬಾಲ್ಯದಲ್ಲಿ ಕಾಯಿಲೆ ಬಿದ್ದು ಸರಿಯಾಗಿ ಶಾಲೆಗೆ ಹೋದವನಲ್ಲ. ಅದರ ಬದಲು ಸರ್ರೆ ಪ್ರಾಂತದ ಹಳ್ಳಿಗಳನ್ನು ಸುತ್ತುತ್ತ, ಒಂದು ಗಾಜಿನ ತುಂಡನ್ನು ಕಣ್ಣೆದುರು ಹಿಡಿದು, ಅದರ ಮೂಲಕ ಕಾಣುವ ಹಳೆಯ ಮನೆಗಳ ರೇಖೆಗಳನ್ನು ಚೂಪು ಮಾಡಿದ ಸೋಪಿನ ಚೂರಿನಿಂದ ಆ ಗಾಜಿನ ಮೇಲೆಯೇ ಬರೆದುಕೊಳ್ಳುತ್ತಿದ್ದ. ಮರದ ತೊಲೆ ಹೇಗೆ ಕೂರುತ್ತದೆ, ಹೊಗೆಗೂಡು ಎಲ್ಲಿ ಏಳುತ್ತದೆ, ಮಾಡು ಎಷ್ಟು ಕೆಳಕ್ಕೆ ಇಳಿಯುತ್ತದೆ ಎಂಬುದನ್ನು ಆತ ಪುಸ್ತಕದಿಂದಲ್ಲ, ಹಳ್ಳಿಯ ಬಡಗಿ ಗಾರೆಯವರ ಕೆಲಸದಿಂದ ಕಲಿತ. ಇಪ್ಪತ್ತು ತುಂಬುವ ಹೊತ್ತಿಗೆ ಸ್ವಂತ ವೃತ್ತಿಯನ್ನು ಆರಂಭಿಸಿದ್ದ. ತೋಟಗಾರಿಕೆಯ ಪ್ರಸಿದ್ಧ ತಜ್ಞೆ ಗರ್ಟ್ರೂಡ್ ಜೀಕಿಲ್ ಆತನ ಕಲೆಯನ್ನು ಬಹು ಬೇಗ ಗುರುತಿಸಿದಳು. 1897ರಲ್ಲಿ ‘ಕಂಟ್ರಿ ಲೈಫ್’ ಪತ್ರಿಕೆಯನ್ನು ಸ್ಥಾಪಿಸಿದ ಎಡ್ವರ್ಡ್ ಹಡ್ಸನ್ ಆತನ ಮನೆಗಳ ಚಿತ್ರಗಳನ್ನು ಅಚ್ಚುಹಾಕಿ ಸಿರಿವಂತರೆಲ್ಲರ ಮೇಜಿನ ಮೇಲೆ ಇರಿಸಿದ. ಡ್ರೂವಿಗೆ ಲುಟಿಯೆನ್ಸನ ಹೆಸರನ್ನು ಸೂಚಿಸಿದವನೂ ಹಡ್ಸನ್ನನೇ.

ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಕೋಟೆ ಕಟ್ಟುವ ಹುಮ್ಮಸ್ಸು ಯಜಮಾನನದು, ಶಿಲ್ಪಿಯದಲ್ಲ. ಡ್ರೂ ಕೋಟೆಯನ್ನು ಕೇಳದೆ, ದೊಡ್ಡ ದೊಡ್ಡ ಕೋಣೆಗಳಿರುವ, ಮನಸ್ಸಿಗೆ ಒಗ್ಗುವ ಒಂದು ಮನೆಯನ್ನೇ ಕೇಳಿದ್ದರೆ ಚೆನ್ನಾಗಿತ್ತು ಎಂದು ಲುಟಿಯೆನ್ಸ್ ತನ್ನ ಹೆಂಡತಿಗೆ ಕಾಗದದಲ್ಲಿ ಬರೆದಿದ್ದ. ಆದರೆ ಒಪ್ಪಿಕೊಂಡ ಮೇಲೆ ಮನಸ್ಸಿಟ್ಟು ದುಡಿದ.

1911ರ ಏಪ್ರಿಲ್ 4, ಡ್ರೂವಿನ 55ನೆಯ ಹುಟ್ಟುಹಬ್ಬ. ಅಂದು ಅಸ್ತಿವಾರದ ಕಲ್ಲನ್ನು ಇಟ್ಟರು. ಸ್ಥಳವನ್ನು ನೀವು ಕಲ್ಪಿಸಿಕೊಳ್ಳಿ. ಡಾರ್ಟ್‌ಮೂರ್ ಎಂಬ ಬಂಜರು ಬೆಟ್ಟಸೀಮೆಯ ಅಂಚು. ಕೆಳಗೆ ಆಳವಾದ ಕಣಿವೆಯಲ್ಲಿ ಟೀನ್ ನದಿ. ಮೇಲೆ ಮೂಗಿನಂತೆ ಚಾಚಿದ ಬಂಡೆ. ಆ ಬಂಡೆಯ ತುದಿಯಲ್ಲಿ, ಬಂಡೆಯೇ ಎದ್ದುನಿಂತಿತೋ ಎಂಬಂತೆ, ಬೂದುಬಣ್ಣದ ಗೋಡೆಗಳು ಏಳತೊಡಗಿದುವು.

ಮೊದಲಿನ ನಕ್ಷೆ ಈಗ ಇರುವ ಕಟ್ಟಡದ ಸುಮಾರು ಮೂರರಷ್ಟು ದೊಡ್ಡದು. ಮಧ್ಯದಲ್ಲಿ ಭಾರಿ ಸಭಾಂಗಣ, ಸುತ್ತ ಅಂಗಳ, ಎದುರಿಗೆ ಹೆಬ್ಬಾಗಿಲ ಗೋಪುರ ಎಲ್ಲವೂ ಅದರಲ್ಲಿದ್ದುವು. ಅಷ್ಟರಲ್ಲಿ ಯಜಮಾನನಿಗೆ ಇನ್ನೊಂದು ಯೋಚನೆ ಹೊಳೆಯಿತು. ಹೊರಮೈಗೆ ಮಾತ್ರ ಕಲ್ಲು ಕಟ್ಟಿ ನಡುವೆ ಟೊಳ್ಳು ಬಿಡುವ ಹೊಸ ಕಾಲದ ಪದ್ಧತಿ ಆತನಿಗೆ ಹಿಡಿಸಲಿಲ್ಲ. ಹಿಂದಿನವರು ಕಟ್ಟಿದಂತೆ ಗೋಡೆ ಪೂರ್ತಿ ಗಟ್ಟಿ ಕಲ್ಲಿನದಾಗಬೇಕು ಎಂದ. ಅಡಿಗಟ್ಟಲೆ ದಪ್ಪದ ಗ್ರಾನೈಟ್ ಗೋಡೆಗೆ ತಗಲುವ ಹಣವೆಷ್ಟು, ಕಾಲವೆಷ್ಟು ಎಂಬ ಲೆಕ್ಕ ಎದುರಿಗೆ ಬಂದಾಗ ನಕ್ಷೆ ಕುಗ್ಗಲೇಬೇಕಾಯಿತು. 1912ರಲ್ಲಿ ಸಭಾಂಗಣವನ್ನು ಕೈಬಿಟ್ಟರು. ಅದಕ್ಕಾಗಿ ಆಗಲೇ ಎದ್ದಿದ್ದ ನೆಲಮಾಳಿಗೆಯನ್ನು ಮುಂದೆ ಚಿಕ್ಕ ಪ್ರಾರ್ಥನಾಮಂದಿರವನ್ನಾಗಿ ಮಾಡಿದರು. ಹೆಬ್ಬಾಗಿಲ ಗೋಪುರದ ವಿಷಯದಲ್ಲಿ ಲುಟಿಯೆನ್ಸ್ ಸುಲಭವಾಗಿ ಸೋಲಲಿಲ್ಲ. ಮರದ ಚೌಕಟ್ಟಿಗೆ ಬಟ್ಟೆ ಹೊದಿಸಿ, ಅದರ ಪೂರ್ಣ ಗಾತ್ರದ ಮಾದರಿಯನ್ನೇ ಗುಡ್ಡದ ಮೇಲೆ ನಿಲ್ಲಿಸಿ ತೋರಿಸಿದ. ಯಜಮಾನ ನೋಡಿದ, ಬೇಡವೆಂದ.

ಹೀಗೆ ಉಳಿದುಕೊಂಡ ಭಾಗವೇ ಇಂದಿನ ಮನೆ. ಅದರ ಗೋಡೆಗಳಲ್ಲಿ ಅಲಂಕಾರವೆಂಬುದು ಇಲ್ಲವೆನ್ನುವಷ್ಟು ಕಡಿಮೆ. ಬುಡದಲ್ಲಿ ದಪ್ಪವಾಗಿದ್ದು ಮೇಲೆ ಹೋದಂತೆ ತುಸು ಒಳಕ್ಕೆ ವಾಲುವ ಗೋಡೆ, ಅದರಲ್ಲಿ ಕತ್ತರಿಸಿ ತೆಗೆದಂತಿರುವ ಕಿಟಕಿಗಳು, ತುದಿಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಏರಿಳಿಯುವ ಕೈಪಿಡಿಗೋಡೆ, ಅಷ್ಟೆ. ಬಾಗಿಲ ಮೇಲೆ ಮಾತ್ರ ಡ್ರೂ ಮನೆತನದ ಲಾಂಛನವಾದ ಸಿಂಹವನ್ನು ದೊಡ್ಡದಾಗಿ ಕಡೆದಿದ್ದಾರೆ. ಡ್ರೋಗೋ ಹೆಸರನ್ನು ಕೊಟ್ಟ, ಪರಾಕ್ರಮ ಲಾಂಛನವನ್ನು ಕೊಟ್ಟಿತು ಎಂಬರ್ಥದ ಲ್ಯಾಟಿನ್ ವಾಕ್ಯವೂ ಅಲ್ಲಿದೆ. ಬಾಗಿಲಿಗೆ ಮೇಲಿಂದ ಇಳಿಬಿಡುವ ಸರಳಿನ ಜಾಲರಿ ಬೇರೆ. ಅದು ತೋರಿಕೆಯದಲ್ಲ, ಮೇಲಿನ ಕೋಣೆಯ ರಾಟೆಯನ್ನು ತಿರುಗಿಸಿದರೆ ನಿಜವಾಗಿಯೂ ಇಳಿಯುತ್ತದೆ. ಯಾವ ಶತ್ರುವಿಗಾಗಿ ಎಂದು ಮಾತ್ರ ಕೇಳಬಾರದು.

ಒಳಗೆ ಹೋದರೆ ಲುಟಿಯೆನ್ಸನ ನಿಜವಾದ ಕೈಚಳಕ ಕಾಣುತ್ತದೆ. ಬಂಡೆ ಇಳಿಜಾರಾದ್ದರಿಂದ ಮನೆಯ ನೆಲವೂ ಒಂದೇ ಮಟ್ಟದಲ್ಲಿಲ್ಲ. ಹಜಾರದಿಂದ ನಡೆಯುತ್ತ ಹೋದಂತೆ ಕಲ್ಲಿನ ಕಮಾನುಗಳು, ಚಿಕ್ಕ ಗುಮ್ಮಟಗಳು ತಲೆಯ ಮೇಲೆ ಬರುತ್ತವೆ. ಮೆಟ್ಟಿಲುಗಳು ಏರುತ್ತವೆ, ಇಳಿಯುತ್ತವೆ. ಮೂರು ಕಡೆ ಕಿಟಕಿಗಳಿರುವ ದಿವಾನಖಾನೆಯಲ್ಲಿ ಕಣಿವೆಯ ಬೆಳಕು ಧಾರಾಳವಾಗಿ ತುಂಬುತ್ತದೆ; ಅಲ್ಲಿಂದ ಅಗಲವಾದ ಸೋಪಾನವನ್ನು ಇಳಿದರೆ ಊಟದ ಮನೆ. ಗೋಡೆಯ ಗ್ರಾನೈಟನ್ನು ಎಷ್ಟೋ ಕಡೆ ಗಾರೆಯಿಲ್ಲದೆ ಬರಿದಾಗಿಯೇ ಬಿಟ್ಟಿದ್ದಾರೆ. ಕಲ್ಲು ಕಲ್ಲಾಗಿಯೇ ಕಾಣಬೇಕು, ಮರ ಮರವಾಗಿಯೇ ಕಾಣಬೇಕು ಎಂಬುದು ಆ ಕಾಲದ ಇಂಗ್ಲಿಷ್ ಗೃಹಶಿಲ್ಪಿಗಳ ನಿಷ್ಠೆ.

ನಮ್ಮ ಗೃಹಿಣಿಯರು ಬಹುಶಃ ಅಡಿಗೆಮನೆಯನ್ನೇ ಮೊದಲು ನೋಡಬಯಸುವರು. ಅದರ ಗೋಡೆಗಳಲ್ಲಿ ಕಿಟಕಿಗಳಿಲ್ಲ. ಬೆಳಕೆಲ್ಲ ನೆತ್ತಿಯ ಮೇಲಿನ ದುಂಡನೆಯ ಗಾಜಿನ ಗೂಡಿನಿಂದ ಇಳಿಯುತ್ತದೆ. ಅದರ ನೇರ ಕೆಳಗೆ, ಅದರದೇ ಆಕಾರದಲ್ಲಿ, ಬೀಚ್ ಮರದ ದುಂಡು ಮೇಜು. ಆ ಮೇಜನ್ನೂ ಲುಟಿಯೆನ್ಸನೇ ರಚಿಸಿದ. ಊರಿನ ದೇಗುಲದ ಗರ್ಭಗುಡಿಗೆ ಕೊಡುವಷ್ಟು ಗಮನವನ್ನು ಆತ ತರಕಾರಿ ಹೆಚ್ಚುವ ಸ್ಥಳಕ್ಕೆ ಕೊಟ್ಟಿದ್ದಾನೆ. ಅಲ್ಲಿ ದುಡಿಯುವವರಿಗೆ ಹೊರಗಿನ ಬೆಟ್ಟ ಕಣಿವೆಗಳು ಕಾಣಿಸುತ್ತಿರಲಿಲ್ಲ ಎಂಬುದೂ ನಿಜ. ಆ ನೋಟ ಯಜಮಾನರ ಕೋಣೆಗಳಿಗೆ ಮೀಸಲು.

ನೋಡಲು ಹಳೆಯ ಕಾಲದ್ದಾದರೂ ಈ ಮನೆಯ ಎಲುಬು ಹೊಸದು. ಕಲ್ಲಿನ ಒಳಗೆ ಅಡಗಿ ಉಕ್ಕಿನ ತೊಲೆಗಳೂ ಕಾಂಕ್ರೀಟೂ ಭಾರ ಹೊರುತ್ತಿವೆ. 1920ರ ದಶಕದ ಕೊನೆಗೆ ಕೆಳಗಿನ ಟೀನ್ ನದಿಯ ದಡದಲ್ಲಿ ಜಲಯಂತ್ರಗಳನ್ನು ಹೂಡಿ ಮನೆಗೆ ಬೇಕಾದ ವಿದ್ಯುತ್ತನ್ನು ಅಲ್ಲಿಯೇ ತಯಾರಿಸಿದರು. ಹೀಗೆ ನಾರ್ಮನ್ ಜಹಗೀರುದಾರನ ಕೋಟೆಯಲ್ಲಿ ವಿದ್ಯುದ್ದೀಪ ಉರಿಯಿತು.

ಆದರೆ ಅಷ್ಟು ಹೊತ್ತಿಗೆ ಮನೆಯ ಅರ್ಥವೇ ಬದಲಾಗಿಹೋಗಿತ್ತು. 1914ರಲ್ಲಿ ಮೊದಲ ಮಹಾಯುದ್ಧ ಹೊತ್ತಿಕೊಂಡಿತು. ಕಲ್ಲುಕುಟಿಗರೂ ಕೂಲಿಯವರೂ ಸೈನ್ಯಕ್ಕೆ ಹೋದರು. ಕೆಲಸ ಆಮೆಯ ನಡಿಗೆಗೆ ಇಳಿಯಿತು. ಏಡ್ರಿಯನ್ ಡ್ರೂ ಫಿರಂಗಿ ದಳದಲ್ಲಿ ಮೇಜರ್ ಆಗಿದ್ದ. 1917ರ ಜುಲೈ 12ರಂದು ಬೆಲ್ಜಿಯಮ್ಮಿನ ಈಪ್ರ್ ರಣರಂಗದಲ್ಲಿ ಆತ ಮಡಿದ. ಯಾರಿಗಾಗಿ ಆ ಗೋಡೆಗಳನ್ನು ಅಷ್ಟು ದಪ್ಪವಾಗಿ ಕಟ್ಟುತ್ತಿದ್ದರೋ ಅವನು ಆ ಗೋಡೆಗಳು ಮುಗಿಯುವ ಮೊದಲೇ ಹೋದ. ಅದೇ ಜುಲೈ ತಿಂಗಳಿನಲ್ಲಿ ಲುಟಿಯೆನ್ಸ್ ಕೂಡ ಫ್ರಾನ್ಸಿನ ರಣಭೂಮಿಯಲ್ಲಿದ್ದ. ಸತ್ತ ಸೈನಿಕರ ಸಮಾಧಿಗಳನ್ನು ಹೇಗೆ ರಚಿಸಬೇಕೆಂದು ನೋಡಿ ಸಲಹೆ ಕೊಡಲು ಆತನನ್ನು ಅಲ್ಲಿಗೆ ಕರೆಸಿದ್ದರು. ಮುಂದೆ ಲಂಡನ್ನಿನ ಸೆನೊಟಾಫ್ ಸ್ಮಾರಕವನ್ನೂ, ಫ್ರಾನ್ಸಿನ ಥಿಯೆಪ್ವಾಲಿನಲ್ಲಿ 72,000ಕ್ಕೂ ಹೆಚ್ಚು ಹೆಸರುಗಳನ್ನು ಕೆತ್ತಿದ, 1932ರಲ್ಲಿ ಅನಾವರಣಗೊಂಡ ಮಹಾಸ್ಮಾರಕವನ್ನೂ ರಚಿಸಿದವನು ಇದೇ ಲುಟಿಯೆನ್ಸ್. ಬದುಕಿರುವ ಮಗನಿಗೆ ಮನೆಯನ್ನು ರೂಪಿಸಿದ ಕೈ ಸತ್ತ ಮಕ್ಕಳ ಹೆಸರುಗಳಿಗೆ ಗೋಡೆಯನ್ನು ರೂಪಿಸಬೇಕಾಯಿತು.

ಡ್ರೂ ಮಾತ್ರ ಕೆಲಸ ನಿಲ್ಲಿಸಲಿಲ್ಲ. ಏಕೆ ನಿಲ್ಲಿಸಲಿಲ್ಲ? ಮಗನಿಗೆಂದು ಆರಂಭಿಸಿದ್ದನ್ನು ಅರ್ಧಕ್ಕೆ ಬಿಡಲು ತಂದೆಗೆ ಮನಸ್ಸು ಬರುವುದಿಲ್ಲವೆಂದು ನಾವು ಊಹಿಸಬಹುದು. 1920ರ ದಶಕದ ಕೊನೆಗೆ ಕುಟುಂಬ ಅಲ್ಲಿ ವಾಸಕ್ಕೆ ಬಂದಿತು. 1930ರಲ್ಲಿ ಕಟ್ಟಡ ಮುಗಿಯಿತು. 1931ರಲ್ಲಿ ಜೂಲಿಯಸ್ ಡ್ರೂ ತೀರಿಕೊಂಡ. ಮನೆಯ ಒಂದು ಕೋಣೆಯನ್ನು ತಾಯಿ ಫ್ರಾನ್ಸಿಸ್ ಏಡ್ರಿಯನ್ನನ ನೆನಪಿಗಾಗಿ ಮೀಸಲಿರಿಸಿ, ಅವನ ಚಿತ್ರಗಳನ್ನೂ ವಸ್ತುಗಳನ್ನೂ ಜೋಡಿಸಿಟ್ಟಳು. ಅವನು ಎಂದೂ ಸಂಸಾರ ಹೂಡದ ಮನೆಯಲ್ಲಿ ಅವನ ಕೋಣೆ.

ಇನ್ನು ಸೋರುವ ಸಂಗತಿ. ಮಲೆನಾಡಿನ ನಂಟಿರುವ ವಾಚಕರು ಇದನ್ನು ಓದಿ ನಗಬಹುದು. ಮಳೆಸೀಮೆಯಲ್ಲಿ ಮಾಡು ಇಳಿಜಾರಾಗಿರಬೇಕು, ಸೂರು ಗೋಡೆಯಿಂದ ಮುಂದಕ್ಕೆ ಚಾಚಿರಬೇಕು ಎಂಬುದು ಅಲ್ಲಿಯ ಯಾವ ಬಡಗಿಗೂ ಹೇಳಿಕೊಡಬೇಕಾದ ಪಾಠವಲ್ಲ. ಆದರೆ ಇಳಿಜಾರು ಮಾಡಿದ್ದರೆ ಅದು ಕೋಟೆಯಂತೆ ಕಾಣುತ್ತಿರಲಿಲ್ಲ. ಆದ್ದರಿಂದ ಡಾರ್ಟ್‌ಮೂರಿನ ಗಾಳಿಮಳೆಯ ಕೆಳಗೆ ಲುಟಿಯೆನ್ಸ್ ಮಟ್ಟಸವಾದ ತಾರಸಿಯನ್ನು ಹಾಕಿಸಿದ. ಅದರ ಮೇಲೆ ನೀರು ತಡೆಯಲೆಂದು ಆಸ್ಫಾಲ್ಟ್ ಎಂಬ, ಡಾಂಬರಿನ ಜಾತಿಯ ಲೇಪವನ್ನು ಬಳಿಸಿದ. ಇಂಥ ಕೆಲಸಕ್ಕೆ ಅದು ಆಗಿನ್ನೂ ಪಳಗಿದ ಸಾಮಗ್ರಿಯಲ್ಲ. ಬಿಸಿಲಿಗೆ ಹಿಗ್ಗಿ ಚಳಿಗೆ ಕುಗ್ಗುವ ಕಾಂಕ್ರೀಟಿನ ಮೇಲೆ ಲೇಪ ಬಿರುಕುಬಿಟ್ಟಿತು. ಬಿರುಕಿನಲ್ಲಿ ಇಳಿದ ನೀರು ಗೋಡೆಯ ಒಡಲೊಳಗೆ ಹಾದಿ ಹುಡುಕುತ್ತ, ಎಲ್ಲಿಯೋ ಹೊಕ್ಕು ಇನ್ನೆಲ್ಲಿಯೋ ತೊಟ್ಟಿಕ್ಕಿತು. ಕಿಟಕಿಗಳ ಮೇಲೆ ನೀರನ್ನು ಆಚೆಗೆ ಎಸೆಯುವ ಚಾಚು ಕಲ್ಲುಗಳಿಲ್ಲ. ಗೋಡೆಯ ಸೊಬಗು ಕೆಟ್ಟೀತೆಂದು ಅವನ್ನು ಕೈಬಿಟ್ಟಿದ್ದರು. ಹೀಗಾಗಿ ಮಳೆ ಗೋಡೆಗುಂಟ ಇಳಿದು ಕಿಟಕಿಯ ಸಂದಿಗೂ ಕಲ್ಲಿನ ಸಂದಿಗೂ ನುಗ್ಗಿತು. ಒಳಗೆಲ್ಲ ಗಟ್ಟಿ ಕಲ್ಲೇ ಆದುದರಿಂದ ನೆನೆದ ಗೋಡೆ ಬೇಗನೆ ಒಣಗಲೂ ಇಲ್ಲ. ಯಜಮಾನ ಬೇಡವೆಂದು ತೆಗೆದುಹಾಕಿಸಿದ ನಡುವಿನ ಟೊಳ್ಳು ಇದ್ದಿದ್ದರೆ ನೀರನ್ನು ಅಲ್ಲಿಯೇ ತಡೆಯಬಹುದಾಗಿತ್ತು.

ಈಗ ದೆಹಲಿಯ ಕಡೆಗೆ ಒಮ್ಮೆ ತಿರುಗಿ ನೋಡೋಣ. 1912ರಿಂದ ಲುಟಿಯೆನ್ಸ್ ನವದೆಹಲಿಯ ಕೆಲಸದಲ್ಲಿಯೂ ತೊಡಗಿದ್ದ. ಅಲ್ಲಿಯ ವೈಸ್‌ರಾಯ್ ಭವನ, ಅಂದರೆ ಇಂದಿನ ರಾಷ್ಟ್ರಪತಿ ಭವನ, 1929ರಲ್ಲಿ ವಾಸಕ್ಕೆ ಸಿದ್ಧವಾಯಿತು. ಭಾರತೀಯ ವಾಸ್ತುಶಿಲ್ಪದ ಬಗ್ಗೆ ಆತನಿಗೆ ಮೊದಲು ಗೌರವವಿರಲಿಲ್ಲ; ಅದನ್ನು ಬಾಯಿಬಿಟ್ಟೇ ಹಳಿಯುತ್ತಿದ್ದ. ಆದರೆ ಕಟ್ಟಡಕ್ಕೆ ಭಾರತೀಯ ಲಕ್ಷಣವಿರಬೇಕೆಂದು ವೈಸ್‌ರಾಯ್ ಹಾರ್ಡಿಂಜ್ ಪಟ್ಟುಹಿಡಿದ. ಲುಟಿಯೆನ್ಸ್ ಒಲ್ಲದ ಮನಸ್ಸಿನಿಂದಲೇ ನಮ್ಮ ಹಳೆಯ ಕಟ್ಟಡಗಳನ್ನು ನೋಡಿದ. ಅವುಗಳಿಂದ ಒಂದು ಅಂಶವನ್ನು ಎತ್ತಿಕೊಂಡು ಬಹು ಸೊಗಸಾಗಿ ಬಳಸಿದ. ಅದು ಗೋಡೆಯಿಂದ ಮುಂದಕ್ಕೆ ಚಾಚುವ ಕಲ್ಲಿನ ಸಜ್ಜ. ನಮ್ಮ ಮನೆಗಳ ಕಿಟಕಿಯ ಮೇಲಿರುವ ಸಜ್ಜದ ಹಿರಿಯಣ್ಣ. ರಾಷ್ಟ್ರಪತಿ ಭವನದ ಸುತ್ತಲೂ ಹರಿದಿರುವ ಆ ತೆಳ್ಳನೆಯ ನೆರಳಿನ ಗೆರೆ ಬಿಸಿಲನ್ನು ತಡೆಯುತ್ತದೆ, ಮಳೆಯನ್ನು ಗೋಡೆಯಿಂದ ದೂರ ಎಸೆಯುತ್ತದೆ, ಕಟ್ಟಡಕ್ಕೆ ಅಂದವನ್ನೂ ಕೊಡುತ್ತದೆ. ಎರಡು ಕಟ್ಟಡಗಳಿಗೂ ಶಿಲ್ಪಿ ಒಬ್ಬನೇ, ಕಾಲ ಒಂದೇ, ಬರಿಗಲ್ಲಿನ ಗೋಡೆಯ ಮೇಲಿನ ಪ್ರೀತಿಯೂ ಒಂದೇ. ದೆಹಲಿಯಲ್ಲಿ ಹವೆಯನ್ನು ಅರಿತಿದ್ದ ಒಂದು ನಾಡಿನ ಅನುಭವ ಆತನ ಕೈಹಿಡಿಯಿತು. ತನ್ನ ಸ್ವಂತ ನಾಡಿನಲ್ಲಿ, ಬಾಲ್ಯದಲ್ಲಿ ಗಾಜಿನ ಮೇಲೆ ತಾನೇ ಬರೆದುಕೊಂಡಿದ್ದ ಹಳ್ಳಿಯ ಮನೆಗಳ ಪಾಠವನ್ನು ಕೋಟೆಯ ಗೀಳು ಮರೆಸಿತು.

ಮುಂದಿನ ಕಥೆಯನ್ನು ಚಿಕ್ಕದಾಗಿ ಹೇಳಬಹುದು. ಎರಡನೆಯ ಮಹಾಯುದ್ಧದಲ್ಲಿ ಲಂಡನ್ನಿನ ಮೇಲೆ ಬಾಂಬುಗಳು ಬಿದ್ದಾಗ ಫ್ರಾನ್ಸಿಸ್ ಮತ್ತು ಅವಳ ಮಗಳು ಮೇರಿ ಈ ಮನೆಯಲ್ಲಿ ನೆಲೆತಪ್ಪಿದ ಎಳೆಯ ಮಕ್ಕಳನ್ನು ಇರಿಸಿಕೊಂಡು ಸಾಕಿದರು. ಶತ್ರುವನ್ನು ತಡೆಯಲೆಂಬಂತೆ ಕಟ್ಟಿದ ಗೋಡೆಗಳು ನಿಜವಾಗಿ ಯಾರನ್ನಾದರೂ ಕಾಪಾಡಿದ್ದು ಆಗಲೇ, ಆ ಕೂಸುಗಳನ್ನು. ಯುದ್ಧದ ಬಳಿಕ ತೆರಿಗೆಯ ಹೊರೆ, ಆಳುಕಾಳುಗಳ ಅಭಾವಗಳಿಂದ ಇಂಗ್ಲೆಂಡಿನ ನೂರಾರು ದೊಡ್ಡ ಮನೆಗಳು ನೆಲಸಮವಾದುವು. ಡ್ರೋಗೋ ಉಳಿಯಿತು. ಜೂಲಿಯಸ್ಸನ ಮೊಮ್ಮಗ ಆಂಟನಿ ಡ್ರೂ 1974ರಲ್ಲಿ ಅದನ್ನು ನ್ಯಾಷನಲ್ ಟ್ರಸ್ಟ್ ಸಂಸ್ಥೆಗೆ ಒಪ್ಪಿಸಿದ. ಇಪ್ಪತ್ತನೆಯ ಶತಮಾನದಲ್ಲಿ ಕಟ್ಟಿದ ಮನೆಯೊಂದನ್ನು ಆ ಸಂಸ್ಥೆ ವಹಿಸಿಕೊಂಡದ್ದು ಅದೇ ಮೊದಲು.

ಸಂಸ್ಥೆಗೂ ಸೋರಿಕೆ ಬಳುವಳಿಯಾಗಿ ಬಂದಿತು. ತೇಪೆ ಹಾಕಿ ಹಾಕಿ ಸಾಕಾಗಿ, ಕೊನೆಗೆ 2013ರಲ್ಲಿ ಇಡೀ ಕಟ್ಟಡಕ್ಕೆ ಚಪ್ಪರ ಹಾಕಿದಂತೆ ಮರೆಕಟ್ಟಿ ದುರಸ್ತಿಗೆ ಕೈಹಾಕಿದರು. ಕೈಪಿಡಿಗೋಡೆಯ ಕಲ್ಲುಗಳನ್ನು ಒಂದೊಂದಾಗಿ ಕಳಚಿ, ತಾರಸಿಯ ಮೇಲೆ ಹೊಸ ಬಗೆಯ ನೀರುತಡೆಯ ಹೊದಿಕೆಯನ್ನು ಹಾಸಿ, ಕಲ್ಲುಗಳನ್ನು ಮತ್ತೆ ಇದ್ದ ಜಾಗದಲ್ಲಿಯೇ ಕೂರಿಸಿದರು. 900ಕ್ಕೂ ಹೆಚ್ಚು ಕಿಟಕಿಗಳನ್ನು ಬಿಚ್ಚಿ ಸರಿಪಡಿಸಿದರು. ಗೋಡೆಯ ಸಂದುಗಳನ್ನು ಮೈಲಿಗಟ್ಟಲೆ ಕೆರೆದು ಹೊಸದಾಗಿ ತುಂಬಿದರು. ಕೆಲಸ ಹಲವು ವರ್ಷ ನಡೆಯಿತು. ತಗಲಿದ ಖರ್ಚು ಒಂದು ಕೋಟಿ ಪೌಂಡುಗಳಿಗೂ ಹೆಚ್ಚು. ನದಿಯ ದಡದ ಹಳೆಯ ಜಲಯಂತ್ರಗಳೂ 2017ರಲ್ಲಿ ಮತ್ತೆ ತಿರುಗತೊಡಗಿದುವು.

ಇಷ್ಟು ಹಣ ಸುರಿದು ಇದನ್ನು ಉಳಿಸಬೇಕಾಗಿತ್ತೇ ಎಂದು ನೀವು ಕೇಳಬಹುದು. ಸುಳ್ಳು ವಂಶಾವಳಿಯ ಮೇಲೆ ಎದ್ದು, ಮಳೆಯ ಲೆಕ್ಕ ತಪ್ಪಿದ ಮನೆ ತಾನೇ? ಪ್ರಶ್ನೆ ನ್ಯಾಯವಾದದ್ದೇ. ಆದರೆ ಡ್ರೂ ಬಯಸಿದ ಪ್ರಾಚೀನತೆ ಅವನ ಗೋಡೆಗಳಿಗೆ ನೂರು ವರ್ಷಗಳಲ್ಲಿ ಬೇರೊಂದು ಹಾದಿಯಿಂದ ಬಂದಿದೆ. ಆ ಕಲ್ಲುಗಳು ಡ್ರೋಗೋವಿನ ಕಥೆಯನ್ನು ಹೇಳುವುದಿಲ್ಲ. ಚಹಾ ಪೊಟ್ಟಣದಿಂದ ಎದ್ದ ಸಿರಿಯ ಕಥೆಯನ್ನು ಹೇಳುತ್ತವೆ. ಬಾರದೆ ಹೋದ ಮಗನ ಕಥೆಯನ್ನು ಹೇಳುತ್ತವೆ. ಕಾಣದ ಬೆಟ್ಟದ ಕಡೆಗೆ ಬೆನ್ನುಮಾಡಿ ಆ ದುಂಡು ಮೇಜಿನ ಸುತ್ತ ದುಡಿದವರ ಕಥೆಯನ್ನೂ ಹೇಳುತ್ತವೆ. ನೋಡಲು ಹೋದವರು ಹೆಚ್ಚು ಹೊತ್ತು ನಿಲ್ಲಬೇಕಾದದ್ದು ಸಿಂಹದ ಲಾಂಛನದ ಕೆಳಗಲ್ಲ. ತಾಯಿ ಜೋಡಿಸಿಟ್ಟ ಆ ಚಿಕ್ಕ ಕೋಣೆಯ ಬಾಗಿಲಲ್ಲಿ.